ಮರಿ ಕಾಯುವ ಕೊರಮೀನಿನ ಬೇಟೆ: ತಾರಮಂಗಲಂ ಕೆರೆಗಳನ್ನು ಕುರಿತು ಒಂದು ಟಿಪ್ಪಣಿ

1. ವ್ಯಾಪ್ತಿ

ಸೇಲಂ ಜಿಲ್ಲೆಯ ತಾರಮಂಗಲಂ ಸರಬಂಗಾ ನದಿಯ ಜಲಾನಯನಕ್ಕೆ ಸೇರಿದ ಊರು. ಸುತ್ತಲಿನ ಕೆರೆಗಳು ಬಹುಮಟ್ಟಿಗೆ ಮಳೆಯನ್ನು ನಂಬಿದಂಥವು. ಅಂಥ ಕೆರೆಗಳಿಗೆ ಹೊಂದಿಕೊಂಡ ಕೊರಮೀನು, ತಮಿಳಿನ ವಿರಾಲ್, ಶಾಸ್ತ್ರೀಯವಾಗಿ ಚನ್ನಾ ಸ್ಟ್ರಯೇಟಾ, ಈ ಟಿಪ್ಪಣಿಯ ವಿಷಯ. ಬ್ಲಾಖ್ 1793ರಲ್ಲಿ ವರ್ಣಿಸಿದ ಈ ಪ್ರಭೇದ ಹಳೆಯ ಬರಹಗಳಲ್ಲಿ ಒಫಿಯೊಸೆಫಾಲಸ್ ಎಂಬ ಕುಲನಾಮದಡಿ ಸಿಗುತ್ತದೆ.

2. ಗೂಡು ಮತ್ತು ಕಾವಲು

ವಿಲ್ಲಿ 1909ರಲ್ಲಿ ಸಿಂಹಳದಿಂದ ಇದರ ಗೂಡು, ಮೊಟ್ಟೆ, ಮರಿಗಳ ವಿವರ ಕೊಟ್ಟರು. ಭಾರತದಲ್ಲಿ ಅಳಿಕುಂಞಿಯವರ 1953ರ ಲೇಖನ ಈಗಲೂ ಮುಖ್ಯ ಆಧಾರ. ಮೀನು ದಡದ ಬಳಿ, ಜೊಂಡಿನ ನಡುವೆ ಸ್ವಲ್ಪ ಜಾಗ ತೆರವು ಮಾಡಿಕೊಳ್ಳುತ್ತದೆ. ಮೊಟ್ಟೆಗಳು ತೇಲುತ್ತವೆ, ಬೆಚ್ಚಗಿನ ನೀರಿನಲ್ಲಿ ಸುಮಾರು ಒಂದೆರಡು ದಿನಗಳಲ್ಲಿ ಒಡೆಯುತ್ತವೆ. ಕೆಂಪು ಛಾಯೆಯ ಮರಿಗಳು ಕೆಲವು ವಾರ ಗುಂಪಾಗಿಯೇ ಸಂಚರಿಸುತ್ತವೆ. ಕಾವಲಿನ ವಿಷಯದಲ್ಲಿ ಆಧಾರಗಳು ಒಂದೇ ಮಾತು ಹೇಳುವುದಿಲ್ಲ: ಕೆಲವುಗಳಲ್ಲಿ ಗಂಡು ಮಾತ್ರ, ಕೆಲವುಗಳಲ್ಲಿ ಜೋಡಿ. ಈ ವ್ಯತ್ಯಾಸ ಸಣ್ಣದಲ್ಲ. ಗಂಡೊಂದೇ ಕಾಯುವುದಾದರೆ ಒಂದು ಗಾಳಕ್ಕೆ ಇಡೀ ಮರಿಗುಂಪು ಅನಾಥವಾಗಬಹುದು. ಜೋಡಿ ಕಾಯುವುದಾದರೆ ನಷ್ಟ ಭಾಗಶಃ ಇರಬಹುದು.

ಮೀನು ಹಿಡಿಯುವುದು ಸುಲಭವಾಗುವುದಕ್ಕೂ ಈ ಕಾವಲೇ ಕಾರಣ. ಮರಿಗಳೂ ಹಿರಿಯ ಮೀನೂ ಉಸಿರಿಗೆ ಗಾಳಿ ಎಳೆದುಕೊಳ್ಳಲು ಮೇಲೆ ಬರಲೇಬೇಕು. ನೀರಿನ ಮೇಲಿನ ಸಣ್ಣ ಅಲುಗಾಟ ಗುಂಪಿನ ಜಾಗ ತೋರಿಸಿಕೊಡುತ್ತದೆ. ಅಲ್ಲಿ ಬಿದ್ದ ಕಪ್ಪೆಗಾಳದ ಮೇಲೆ ಕಾವಲುಮೀನು ಎರಗುವುದು ಹಸಿವಿಗಿಂತ ರಕ್ಷಣೆಗಾಗಿ ಎಂದು ಊಹಿಸಬಹುದು.

3. ಬಾಸ್ ಮೀನಿನ ನಿದರ್ಶನ

ಉತ್ತರ ಅಮೆರಿಕದ ಬಾಸ್ ಮೀನಿನಲ್ಲಿ ಗಂಡು ಗೂಡು ಕಾಯುತ್ತದೆ. ಫಿಲಿಪ್ ಮತ್ತು ಸಂಗಡಿಗರ 1997ರ ಅಧ್ಯಯನದ ಪ್ರಕಾರ, ಹಿಡಿದು ಬಿಟ್ಟರೂ ಗೂಡು ತೊರೆಯುವ ಸಂಭವ ಹೆಚ್ಚುತ್ತದೆ. ಗಂಡು ಇಲ್ಲದ ವೇಳೆಯಲ್ಲಿ ಮೊಟ್ಟೆ-ಮರಿಗಳು ಬೇರೆ ಮೀನುಗಳ ಪಾಲಾಗುತ್ತವೆ. ಕೊರಮೀನಿಗೆ ಈ ಫಲಿತಾಂಶವನ್ನು ಸಾದೃಶ್ಯದಿಂದಷ್ಟೇ ಅನ್ವಯಿಸಬಹುದು. ಆದರೂ ಹೊಗೇನಕಲ್ ಕಡೆಯ ಕಾವೇರಿಯ ಬಿಳಿಮೀನಿಗಿಂತ (ಮಹಶೀರ್) ಇದು ಹತ್ತಿರದ ಸಾದೃಶ್ಯ. ಬಿಳಿಮೀನು ಮೊಟ್ಟೆ ಕಾಯುವುದಿಲ್ಲ.

4. ನಿಯಮ ಮತ್ತು ಋತು

1897ರ ಭಾರತೀಯ ಮೀನುಗಾರಿಕೆ ಕಾಯಿದೆ ಸ್ಫೋಟಕ ಮತ್ತು ವಿಷವನ್ನು ನೇರವಾಗಿ ನಿಷೇಧಿಸುತ್ತದೆ. 6ನೆಯ ಕಲಂ ನಿರ್ದಿಷ್ಟ ಜಲಭಾಗದಲ್ಲಿ ಎರಡು ವರ್ಷ ಮೀರದಂತೆ ಮೀನು ಹಿಡಿಯುವುದನ್ನು ನಿಲ್ಲಿಸುವ ನಿಯಮಕ್ಕೆ ಅವಕಾಶ ಕೊಡುತ್ತದೆ. ಮೊಟ್ಟೆಯಿಡುವ ಋತುವನ್ನು ಕಾಯಿದೆಯೇ ಗೊತ್ತುಮಾಡಿಲ್ಲ. ಪೂರ್ವ ಕರಾವಳಿಯ ಏಪ್ರಿಲ್ 15ರಿಂದ ಜೂನ್ 14ರವರೆಗಿನ ನಿಷೇಧ ಕಡಲಿನದು, ಕೆರೆಗೆ ಸಂಬಂಧಿಸಿದ್ದಲ್ಲ.

ಕೆರೆಗೆ ಸ್ಥಿರ ದಿನಾಂಕ ಹೊಂದುವುದೂ ಅನುಮಾನ. ಸೇಲಂ ಪ್ರದೇಶಕ್ಕೆ ನೈಋತ್ಯ, ಈಶಾನ್ಯ ಎರಡೂ ಮಾರುತಗಳ ಮಳೆಯುಂಟು. ಮೇಲಾಗಿ ಮೆಟ್ಟೂರಿನ ಹೆಚ್ಚುವರಿ ನೀರನ್ನು ಸರಬಂಗಾ ಪ್ರದೇಶದ ಕೆರೆಗಳಿಗೆ ಹರಿಸುವ ಯೋಜನೆ 2021ರಲ್ಲಿ ಆರಂಭವಾಯಿತು. ಆ ನೀರು ತಲುಪುವ ಕೆರೆಗಳಲ್ಲಿ ತುಂಬುವ ಕಾಲವೂ, ಬಹುಶಃ ಗೂಡಿನ ಕಾಲವೂ, ಸ್ಥಳೀಯ ಮಳೆಯಿಂದ ಬೇರ್ಪಡಬಹುದು. ಹೀಗಾಗಿ ತಿಂಗಳ ಹೆಸರಿಗಿಂತ ಮರಿಗುಂಪು ಕಾಣುವ ಅವಧಿಯನ್ನೇ ಮೀನು ಹಿಡಿಯುವುದನ್ನು ನಿಲ್ಲಿಸುವ ಅಳತೆಯಾಗಿ ಪರಿಗಣಿಸುವುದು ಹೆಚ್ಚು ಸಮಂಜಸ.

ಈ ಭಾಗದ ಕೆರೆಗಳನ್ನು ಗಮನಿಸುವವರು ಮೂರು ಸಂಗತಿಗಳನ್ನು ದಾಖಲಿಸಬೇಕೆಂದು ಕೋರಿಕೆ: ಕೆರೆಗೆ ನೀರು ಬಂದ ದಿನಾಂಕ, ಮರಿಗುಂಪು ಮೊದಲು ಕಂಡ ದಿನಾಂಕ, ಗುಂಪಿನ ಜೊತೆಗಿದ್ದ ಹಿರಿಯ ಮೀನುಗಳ ಸಂಖ್ಯೆ.