ಹತ್ತು ಪೌಂಡಿನ ಮನೆ: ಆಲ್‌ಫ್ರಿಸ್ಟನ್ ಕ್ಲರ್ಜಿ ಹೌಸ್ ಕಟ್ಟಿದ್ದು ಹೇಗೆ, ಉಳಿದಿದ್ದು ಹೇಗೆ?

ಪರಂಪರೆ ಅಂದ ಕೂಡಲೇ ನಮಗೆ ನೆನಪಾಗೋದು ಅರಮನೆ, ಕೋಟೆ, ದೇವಸ್ಥಾನ. ಆದರೆ 1895ರಲ್ಲಿ ಶುರುವಾದ ಬ್ರಿಟನ್ನಿನ ನ್ಯಾಷನಲ್ ಟ್ರಸ್ಟ್ ಮರುವರ್ಷ ಕೊಂಡ ಮೊದಲ ಕಟ್ಟಡ, ಹಳ್ಳಿಯೊಂದರ ಹುಲ್ಲು ಮಾಡಿನ ಮನೆ. ಕೊಟ್ಟ ಬೆಲೆ 10 ಪೌಂಡ್. ಈಸ್ಟ್ ಸಸೆಕ್ಸ್‌ನ ಆಲ್‌ಫ್ರಿಸ್ಟನ್‌ನಲ್ಲಿ, ಚರ್ಚಿನ ಪಕ್ಕದಲ್ಲಿ ಅದು ಇವತ್ತಿಗೂ ನಿಂತಿದೆ. ವಯಸ್ಸು ಸುಮಾರು 600 ವರ್ಷ.

ಒಂದೇ ಮಾಡು, ಮೂರು ಭಾಗ

ಈ ಮಾದರಿಗೆ 'ವೀಲ್ಡನ್ ಹಾಲ್ ಹೌಸ್' ಅಂತ ಹೆಸರು. ವೀಲ್ಡ್ ಅನ್ನೋದು ಕೆಂಟ್, ಸಸೆಕ್ಸ್ ಕಡೆಯ ಕಾಡುಸೀಮೆ. ಓಕ್ ಮರಕ್ಕೆ ಅಲ್ಲಿ ಬರವಿರಲಿಲ್ಲ. ಅನುಕೂಲಸ್ಥ ರೈತರು ಇಂಥ ಮನೆ ಕಟ್ಟಿಸುತ್ತಿದ್ದರು. ನಡುವೆ ಮಾಡಿನವರೆಗೂ ತೆರೆದ ಹಾಲ್, ಎರಡೂ ತುದಿಗೆ ಎರಡಂತಸ್ತು: ಒಂದು ಕಡೆ ಯಜಮಾನರ ಕೋಣೆ, ಇನ್ನೊಂದು ಕಡೆ ಉಗ್ರಾಣ. ಮೇಲು-ಕೆಳಗು ನಕ್ಷೆಯಲ್ಲೇ ಇತ್ತು. ಇಂಥ ಹಾಲ್‌ಗಳಲ್ಲಿ ನೆಲದ ಮೇಲೇ ಒಲೆ. ಚಿಮಣಿ ಇಲ್ಲ, ಹೊಗೆ ಮಾಡಿನ ಸಂದಿಯಿಂದಲೇ ಹೊರಹೋಗಬೇಕು.

ಎಂಜಿನಿಯರಿಂಗ್ ಓದಿದ ನನಗೆ ಇಷ್ಟವಾಗೋದು ಇದರ ಚೌಕಟ್ಟು. ಭಾರ ಹೊರೋದು ಗೋಡೆಯಲ್ಲ, ಓಕ್ ಕಂಬ-ತೊಲೆಗಳು. ಗೋಡೆ ಅಂದರೆ ಕಡ್ಡಿ ಹೆಣೆದು ಮಣ್ಣು ಮೆತ್ತಿದ ತಡಿಕೆ ಅಷ್ಟೇ. ಕಬ್ಬಿಣದ ಮೊಳೆ ಬದಲು ಮರದ ಗೂಟ. ತುದಿಯ ಮೇಲಂತಸ್ತುಗಳು ಕೆಳಗೋಡೆಗಿಂತ ಮುಂದಕ್ಕೆ ಚಾಚಿವೆ. ನಡುವಿನ ಹಾಲಿಗೆ ಮೇಲಂತಸ್ತೇ ಇಲ್ಲದ್ದರಿಂದ ಅದರ ಗೋಡೆ ಹಿಂದೆ ಸರಿದಿದೆ. ಆದರೂ ಮಾಡು ಒಂದೇ ನೇರ. ಹಾಗಾಗಿ ಮಧ್ಯದಲ್ಲಿ ಮುಂದೆ ಬಂದ ಸೂರಿಗೆ ಬಾಗಿದ ಮರದ ಆನಿಕೆ ಕೊಟ್ಟಿದ್ದಾರೆ. ಇದೇ ಈ ಮಾದರಿಯ ಗುರುತು. ಹಾಲಿನ ನೆಲಕ್ಕೆ ಸುಣ್ಣಕಲ್ಲನ್ನು ಕುಟ್ಟಿ ಹಾಕಿ, ಹುಳಿ ಹಾಲಿನಿಂದ ಗಟ್ಟಿ ಮಾಡಿದ್ದಾರೆ.

ಯಾರ ಮನೆ ಉಳಿಯಬೇಕು?

19ನೇ ಶತಮಾನದ ಕೊನೆಗೆ ಚರ್ಚಿನ ಒಡೆತನದಲ್ಲಿದ್ದ ಈ ಮನೆ ಕುಸಿಯುವ ಸ್ಥಿತಿಗೆ ಬಂದು, ಕೆಡವುವ ಮಾತೂ ನಡೆದಿತ್ತು. ಊರಿನ ಪಾದ್ರಿ ಪಟ್ಟು ಹಿಡಿದರು. ವಿಲಿಯಂ ಮಾರಿಸ್ ಮತ್ತು ಸಂಗಡಿಗರು 1877ರಲ್ಲಿ ಕಟ್ಟಿದ್ದ, ಹಳೆಯ ಕಟ್ಟಡಗಳ ರಕ್ಷಣೆಯ ಸಂಘ ಜೊತೆಗೆ ನಿಂತಿತು. ಆ ಸಂಘದ ನಿಲುವು ಸರಳ: ಹಳೆಯದನ್ನು ಹೊಸದರಂತೆ ಮಾಡಬೇಡಿ, ದುರಸ್ತಿ ಮಾಡಿ. ದುರಸ್ತಿಗೆ ಆದ ಖರ್ಚು 10 ಪೌಂಡಿಗಿಂತ ಎಷ್ಟೋ ಪಟ್ಟು ಹೆಚ್ಚು.

ಮುಂದೆ ಅದೇ ಟ್ರಸ್ಟ್ ಶ್ರೀಮಂತರ ದೊಡ್ಡ ಬಂಗಲೆಗಳಿಗೆ ಹೆಸರಾಯಿತು. ತನ್ನ 93 ತಾಣಗಳಿಗೆ ವಸಾಹತುಶಾಹಿ, ಗುಲಾಮಗಿರಿಯ ನಂಟಿದೆ ಎಂದು 2020ರಲ್ಲಿ ತಾನೇ ವರದಿ ಕೊಟ್ಟಾಗ ಗಲಾಟೆಯೂ ಆಯಿತು. ನಮ್ಮ ಟಿಪ್ಪುವಿನ ಡೇರೆ ಇರುವುದು ಟ್ರಸ್ಟ್ ನೋಡಿಕೊಳ್ಳುವ ವೇಲ್ಸ್‌ನ ಪೋವಿಸ್ ಕೋಟೆಯಲ್ಲೇ.

ಹಾಗಾಗಿ ಪರಂಪರೆ ಉಳಿಸಿ ಅಂತ ಯಾರಾದರೂ ಹೇಳಿದರೆ, ಯಾರ ಪರಂಪರೆ ಅಂತ ಕೇಳೋಣ. ಮಣ್ಣಿನ ತಡಿಕೆಯ ರೈತನ ಮನೆಯೂ ಆ ಪಟ್ಟಿಗೆ ಸೇರಬಹುದು ಅನ್ನೋದಕ್ಕೆ ಆಲ್‌ಫ್ರಿಸ್ಟನ್ ಸಾಕ್ಷಿ.