ಕಲ್ಯಾಣದ ವೈಹಾಳಿ, ಆಳಂದದ ಸಂತೆ

1470ರ ಆಸುಪಾಸಿನಲ್ಲಿ ರಷ್ಯದ ತ್ವೆರ್ ಪಟ್ಟಣದ ವ್ಯಾಪಾರಿ ಅಫನಾಸಿ ನಿಕಿತಿನ್ ಹೊರ್ಮುಜಿನಿಂದ ಹಡಗು ಹತ್ತಿದಾಗ ಅವನು ನೆಚ್ಚಿಕೊಂಡಿದ್ದ ಬಂಡವಾಳ ಒಂದು ಗಂಡು ಕುದುರೆ. ಚೌಲ್ ಬಂದರಿನಲ್ಲಿ ಇಳಿದು ಜುನ್ನರ ಮುಟ್ಟುವಷ್ಟರಲ್ಲಿ ಅಲ್ಲಿನ ಅಧಿಕಾರಿ ಅಸದ್ ಖಾನ್ ಅದನ್ನು ಕಿತ್ತುಕೊಂಡ. ಮತ ಬದಲಿಸಿದರೆ ಕುದುರೆಯನ್ನೂ ಕೊಡುತ್ತೇನೆ, ಮೇಲೆ ಸಾವಿರ ಚಿನ್ನದ ನಾಣ್ಯವನ್ನೂ ಕೊಡುತ್ತೇನೆ ಎಂದ. ಖೊರಾಸಾನದ ಮುಹಮ್ಮದ್ ಎಂಬವನು ನಡುವೆ ಬಂದು ಬಿಡಿಸಿಕೊಟ್ಟ. ಕೊನೆಗೆ ಆ ಕುದುರೆ ಮಾರಾಟವಾದದ್ದು ಬೀದರಿನಲ್ಲಿ, ಸುಮಾರು ಒಂದು ವರ್ಷ ಸಾಕಿದ ಮೇಲೆ.

ಈ ನಾಡಿನಲ್ಲಿ ಎತ್ತು, ಎಮ್ಮೆ ಹುಟ್ಟುತ್ತವೆ, ಕುದುರೆ ಹುಟ್ಟುವುದಿಲ್ಲ ಎಂದು ನಿಕಿತಿನ್ ಬರೆದಿಟ್ಟ. ಅದು ಪೂರ್ತಿ ನಿಜವಲ್ಲ. ದಖನ್ನಿನ ಗಿಡ್ಡ ತಟ್ಟುಗಳು ಇಲ್ಲಿ ಇದ್ದೇ ಇದ್ದವು. ಆದರೆ ದಂಡಿಗೆ ಬೇಕಾದ ಎತ್ತರದ ಕುದುರೆಗಳು ಕಡಲು ದಾಟಿಯೇ ಬರಬೇಕಿತ್ತು. ಬಂದವುಗಳಲ್ಲಿ ಎಷ್ಟೋ ಆಳಂದದ ಜಾತ್ರೆ ಸೇರುತ್ತಿದ್ದವು. ಹತ್ತು ದಿನದ ಆ ಜಾತ್ರೆಗೆ ಇಪ್ಪತ್ತು ಸಾವಿರದವರೆಗೂ ಕುದುರೆ ಬರುತ್ತಿದ್ದವೆಂದು ಅವನ ಲೆಕ್ಕ.

ಹುಮನಾಬಾದಿನ ಅಂಚಿನಲ್ಲಿ ಸಂತ ಮಾಣಿಕಪ್ರಭುಗಳು (1817–1865) ನೆಲೆ ನಿಂತ ಮಾಣಿಕನಗರ ಆಗಿನ್ನೂ ಹುಟ್ಟಿರಲಿಲ್ಲ. ಅದು ಇರುವ ನೆಲ ಮಾತ್ರ ಈ ಕಥೆಯ ನಟ್ಟನಡುವಿನದು. ಪಶ್ಚಿಮಕ್ಕೆ ಹೊರಟರೆ ಬಸವಕಲ್ಯಾಣ, ನೈಋತ್ಯಕ್ಕೆ ಆಳಂದ, ಪೂರ್ವಕ್ಕೆ ಬೀದರ. ಮೂರೂ ಊರುಗಳು ಬೇರೆ ಬೇರೆ ಕಾಲದಲ್ಲಿ ಕುದುರೆಯ ಬಗ್ಗೆ ತಲೆಕೆಡಿಸಿಕೊಂಡ ಊರುಗಳೇ.

ಬಸವಕಲ್ಯಾಣದ್ದು ಹಳೆಯ ಪಾಲು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 1130ರ ಸುಮಾರಿಗೆ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ನೂರು ಅಧ್ಯಾಯಗಳಿವೆ. ಅಡುಗೆ, ಸಂಗೀತ, ಬೇಟೆಗಳ ಜೊತೆಗೆ ಕುದುರೆಯ ವೈಹಾಳಿಗೂ ಅಲ್ಲಿ ಜಾಗವಿದೆ. ಯಾವ ದೇಶದ ಕುದುರೆ ಎಂಥದು, ಬಣ್ಣ ಯಾವುದು, ಸುಳಿ ಎಲ್ಲಿದ್ದರೆ ಒಳ್ಳೆಯದು, ನಡಿಗೆ ಹೇಗೆ ಪಳಗಿಸಬೇಕು, ಕುದುರೆಯ ಮೇಲೆ ಕೂತು ಚೆಂಡಾಟ ಹೇಗೆ ಆಡಬೇಕು ಎಂಬುದನ್ನೆಲ್ಲ ಹೇಳುವ ಗ್ರಂಥ ಅದು. ಸುಳಿಯ ಶಕುನವನ್ನು ಇಂದು ಯಾರೂ ನಂಬಬೇಕಿಲ್ಲ. ಆದರೆ ಸುಳಿ ಹುಡುಕಲು ಕುದುರೆಯ ಮೈಯನ್ನು ಗೇಣುಗೇಣಾಗಿ ನೋಡಿದ ಕಣ್ಣಿಗೆ ಗಾಯ, ಬಾವು, ಸೊರಗಿದ ಪಕ್ಕೆ ಕಾಣದೆ ಇದ್ದೀತೆ?

ಪ್ರಾಣಿಗಳ ಆರೈಕೆಯನ್ನು ಬರಹಕ್ಕೆ ಇಳಿಸುವ ರೂಢಿ ಆ ಮನೆತನಕ್ಕೆ ಹೊಸದಾಗಿರಲಿಲ್ಲ. ಚಾಲುಕ್ಯ ರಾಜಕುಮಾರ ಕೀರ್ತಿವರ್ಮ ದನಕರುಗಳ ಚಿಕಿತ್ಸೆಗಾಗಿ ‘ಗೋವೈದ್ಯ’ವನ್ನು ಕನ್ನಡದಲ್ಲೇ ಬರೆದಿದ್ದ. ಮದ್ದು, ಮಂತ್ರ ಎರಡೂ ಅದರಲ್ಲಿ ಬೆರೆತಿವೆ. 1400ರ ಹೊತ್ತಿಗೆ ಅಭಿನವಚಂದ್ರನ ‘ಅಶ್ವವೈದ್ಯ’, 1627ರಲ್ಲಿ ಮೈಸೂರಿನ ಚಾಮರಾಜ ಒಡೆಯರ ಆಶ್ರಯದಲ್ಲಿ ಪದ್ಮಣ ಪಂಡಿತನ ‘ಹಯಸಾರಸಮುಚ್ಚಯ’ ಬಂದವು. ಬೀದರನ್ನು ರಾಜಧಾನಿ ಮಾಡಿಕೊಂಡ ಅಹ್ಮದ್ ಷಾ ವಲಿ ಬಹಮನಿಯ ಕಾಲದಲ್ಲಿ ಅಬ್ದುಲ್ಲಾ ಬಿನ್ ಸಫಿ ಶಾಲಿಹೋತ್ರನ ಹೆಸರಿನ ಅಶ್ವಶಾಸ್ತ್ರವನ್ನು ಪಾರಸಿಗೆ ತಂದ. ಆಳುವವರ ಮತ, ಭಾಷೆ ಬದಲಾದರೂ ಕುದುರೆಯ ಹೊಟ್ಟೆನೋವು ಬದಲಾಗುವುದಿಲ್ಲವಲ್ಲ.

ಈ ಪರಂಪರೆಯಲ್ಲಿ ಮತ್ತೆ ಮತ್ತೆ ಬರುವ ಒಂದು ಎಚ್ಚರಿಕೆ ಚಾವಟಿಯದು. ರಾಜನೀತಿಯ ಸಂಸ್ಕೃತ ಗ್ರಂಥ ‘ಶುಕ್ರನೀತಿ’ಯಲ್ಲೂ ಅದು ಸಿಗುತ್ತದೆ: ಯಾವ ತಪ್ಪಿಗೆ ಎಲ್ಲಿ ಏಟು ಎಂಬುದಕ್ಕೆ ಕಟ್ಟುಪಾಡಿದೆ, ಸಲ್ಲದ ಜಾಗದಲ್ಲಿ ಹೊಡೆದರೆ ಕುದುರೆ ತಿದ್ದಿಕೊಳ್ಳುವ ಬದಲು ಕೆಡುತ್ತದೆ. ಬೆದರಿದ ಕುದುರೆಯನ್ನೂ ಮೊಂಡು ಹಿಡಿದ ಕುದುರೆಯನ್ನೂ ಬೇರೆಬೇರೆಯಾಗಿ ನೋಡಬೇಕೆಂಬ ತಿಳಿವಳಿಕೆ ಅದರ ಹಿಂದಿದೆ. ಇಂದು ಕುದುರೆಯ ಮನಸ್ಸನ್ನು ಅರಿತು ಪಳಗಿಸಬೇಕೆನ್ನುವವರು ಹಿಡಿಯುವ ಮೊದಲ ಎಳೆಯೂ ಅದೇ.

ಮೇವಿನ ವಿಷಯದಲ್ಲಿ ಮಾತ್ರ ದಖನ್ನಿನ ಲಾಯಗಳು ಎಡವಿದ್ದವು. ಇಲ್ಲಿನ ಕುದುರೆಗಳಿಗೆ ಕಡಲೆ ತಿನ್ನಿಸುತ್ತಾರೆ, ಸಕ್ಕರೆ ಮತ್ತು ಎಣ್ಣೆ ಹಾಕಿ ಖಿಚಡಿ ಬೇಯಿಸಿ ಕೊಡುತ್ತಾರೆ ಎಂದು ನಿಕಿತಿನ್ ಹೇಳುತ್ತಾನೆ. ಅಕ್ಕರೆಯಿಂದಲೇ ಕೊಟ್ಟದ್ದು, ಸುಳ್ಳಲ್ಲ. ಆದರೆ ಕುದುರೆಯ ಜಠರ ಅದರ ಮೈಗೆ ಹೋಲಿಸಿದರೆ ಬಲು ಚಿಕ್ಕದು, ಎಂಟರಿಂದ ಹದಿನೈದು ಲೀಟರ್ ಹಿಡಿದರೆ ಹೆಚ್ಚು. ಬಯಲಿಗೆ ಬಿಟ್ಟರೆ ಅದು ದಿನದ ಹದಿನಾಲ್ಕು ಹದಿನಾರು ಗಂಟೆ ಸ್ವಲ್ಪ ಸ್ವಲ್ಪವೇ ಹುಲ್ಲು ಮೇಯುತ್ತ ನಡೆಯುತ್ತದೆ. ವಾಂತಿ ಮಾಡಿಕೊಳ್ಳಲು ಅದಕ್ಕೆ ಆಗದು. ಕಾಳು, ಸಿಹಿ ಒಮ್ಮೆಗೇ ಹೆಚ್ಚಾಗಿ ಒಳಗೆ ಹೋದರೆ ಹೊಟ್ಟೆ ಉಬ್ಬರಿಸುತ್ತದೆ, ಗೊರಸಿನೊಳಗೆ ಉರಿಯೂತ ಹತ್ತುತ್ತದೆ. ಬಹಮನಿ ಮಂತ್ರಿ ಮಹಮೂದ್ ಗವಾನನ ಲಾಯದಲ್ಲಿದ್ದ ಎರಡು ಸಾವಿರ ಕುದುರೆಗಳಲ್ಲಿ ಒಂದು ಸಾವಿರ ಹಗಲಿರುಳೂ ಜೀನು ಕಟ್ಟಿಕೊಂಡೇ ನಿಂತಿರುತ್ತಿದ್ದವೆಂದೂ ನಿಕಿತಿನ್ ದಾಖಲಿಸಿದ್ದಾನೆ. ಸಾಮ್ರಾಜ್ಯದ ಕಣ್ಣಿಗೆ ಅದು ಸನ್ನದ್ಧತೆ. ನಡೆದಾಡಲೆಂದೇ ಹುಟ್ಟಿದ ಪ್ರಾಣಿಗೆ ಅದು ಶಿಕ್ಷೆ.

ಆ ಲಾಯಗಳಲ್ಲಿ ಮೈ ಉಜ್ಜಿದವರ, ಲಾಳ ಹೊಡೆದ ನಾಲಬಂದರ ಹೆಸರು ಯಾವ ಗ್ರಂಥದಲ್ಲೂ ಉಳಿಯಲಿಲ್ಲ.

ಅರಮನೆಯ ಕುದುರೆಗಳು ಹೋದವು, ತಟ್ಟುಗಳು ಉಳಿದವು. ಭೀಮಾ ತೀರದಲ್ಲಿ ಧನಗರರ ಕುರಿಹಿಂಡಿನ ಜೊತೆ ಮನೆಸಾಮಾನು ಹೊತ್ತು ಅಲೆಯುವ ಭೀಮಥಡಿ ಕುದುರೆಗೆ ಈಚೆಗಷ್ಟೇ ಪ್ರತ್ಯೇಕ ತಳಿಯ ಮನ್ನಣೆ ಸಿಕ್ಕಿದೆ. ಹಗಲೆಲ್ಲ ನಡಿಗೆ, ಸಿಕ್ಕಲ್ಲಿ ಮೇವು, ಸುತ್ತ ಹಿಂಡು. ಕುದುರೆಯ ಸಹಜ ಬದುಕಿಗೆ ಗವಾನನ ಲಾಯಕ್ಕಿಂತ ಇದೇ ಹತ್ತಿರ. ನೆರೆಯ ನಾಂದೇಡ ಜಿಲ್ಲೆಯ ಮಾಳೇಗಾಂವದಲ್ಲಿ ಖಂಡೋಬನ ಜಾತ್ರೆಗೆ ಈಗಲೂ ಕುದುರೆಗಳು ಮಾರಾಟಕ್ಕೆ ಬರುತ್ತವೆ.

ರಾಜ್ಯದ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಕೇಂದ್ರ ಇರುವುದು ಬೀದರಿನ ನಂದಿನಗರದಲ್ಲಿ. ‘ಗೋವೈದ್ಯ’, ‘ಅಶ್ವವೈದ್ಯ’, ‘ಹಯಸಾರಸಮುಚ್ಚಯ’ಗಳನ್ನು ಹಳಗನ್ನಡ ಬಲ್ಲವರು ಮತ್ತು ಪಶುವೈದ್ಯರು ಒಟ್ಟಿಗೆ ಕೂತು ಓದಿ, ಯಾವ ಮದ್ದು ನಿಲ್ಲುತ್ತದೆ, ಯಾವುದು ನಿಲ್ಲುವುದಿಲ್ಲ ಎಂದು ಸಾಲುಸಾಲಾಗಿ ಗುರುತು ಹಾಕುವ ಕೆಲಸಕ್ಕೆ ಅದಕ್ಕಿಂತ ತಕ್ಕ ಜಾಗ ಇನ್ನೊಂದಿಲ್ಲ.