ಸೋತು ಬಂದವನಿಗೆ ಬಾಗಿಲು ತೆರೀಬೇಕಾ?

ನೀವೊಬ್ಬ ಸಾಮಾನ್ಯ ಮನುಷ್ಯ ಅಂದ್ಕೊಳ್ಳಿ. ಹೆಂಡತಿ, ಇಬ್ಬರು ಮಕ್ಕಳು, ಚಿಕ್ಕದೊಂದು ಅಂಗಡಿ. ಒಂದು ದಿನ ಸರ್ಕಾರದ ಆದೇಶ ಬರುತ್ತೆ. ನಾವು ಹೇಳಿದ ದೇವರಿಗೆ ಬಲಿ ಕೊಡು, ಆ ಮಾಂಸ ತಿನ್ನು, ಸರ್ಟಿಫಿಕೇಟ್ ತಗೊಂಡು ಹೋಗು. ಇಲ್ಲಾಂದ್ರೆ ಜೈಲು, ಚಿತ್ರಹಿಂಸೆ. ನೀವಾಗಿದ್ರೆ ಏನ್ ಮಾಡ್ತಿದ್ರಿ? ಉತ್ತರ ಹೇಳೋಕೆ ಆತುರ ಬೇಡ.

ಇದು ಕಟ್ಟುಕಥೆ ಅಲ್ಲ. ಕ್ರಿ.ಶ. 250ರಲ್ಲಿ ರೋಮನ್ ಚಕ್ರವರ್ತಿ ಡೆಸಿಯಸ್ ಹೊರಡಿಸಿದ ಆದೇಶ. ಅಂಥ ಸರ್ಟಿಫಿಕೇಟುಗಳಲ್ಲಿ 40ಕ್ಕೂ ಹೆಚ್ಚು ಈಜಿಪ್ಟಿನ ಮರಳಿನಲ್ಲಿ ಉಳಿದು ನಮ್ಮ ಕೈಗೆ ಸಿಕ್ಕಿವೆ. ತಮಾಷೆ ನೋಡಿ, ಅದರಲ್ಲಿ ಒಂದು ಮೊಸಳೆ ದೇವರ ಪೂಜಾರಿಣಿಯದ್ದು! ದಿನಾ ಪೂಜೆ ಮಾಡೋಳೂ ಕಾಗದ ತೋರಿಸಬೇಕಿತ್ತು. ಆದರೆ ಒಬ್ಬನೇ ದೇವರು ಅಂತ ನಂಬಿದ ಕ್ರೈಸ್ತರಿಗೆ ಇದು ಬರೀ ಕಾಗದ ಆಗಿರಲಿಲ್ಲ, ಏಸುವನ್ನೇ ಬಿಟ್ಟುಕೊಟ್ಟಂತೆ.

ಈಗಿನ ಟ್ಯುನೀಷಿಯಾದಲ್ಲಿರೋ ಕಾರ್ಥೇಜ್ ಊರಿಗೆ ಬನ್ನಿ. ಅಲ್ಲಿ ಕೆಲವರು ಜೈಲಿಗೆ ಹೋದರು, ಪ್ರಾಣ ಕೊಟ್ಟರು. ಆದರೆ ತುಂಬಾ ಜನ ಹೆದರಿ ಬಲಿ ಕೊಟ್ಟರು. ಇನ್ನು ಕೆಲವರು ಬಲಿ ಕೊಡದೆ, ದುಡ್ಡು ಕೊಟ್ಟು ಸರ್ಟಿಫಿಕೇಟ್ ಮಾತ್ರ ಮಾಡಿಸಿಕೊಂಡರು. ಹೌದು, ಲಂಚ ಆಗಲೂ ಇತ್ತು! ಅಲ್ಲಿನ ಬಿಷಪ್ ಸಿಪ್ರಿಯನ್? ಅವರು ಊರು ಬಿಟ್ಟು ತಲೆಮರೆಸಿಕೊಂಡರು. ಅಲ್ಲಿಂದಲೇ ಪತ್ರ ಬರೆದು ತಮ್ಮ ಜನರನ್ನ ನಡೆಸಿದರು.

251ರಲ್ಲಿ ಗೋಥರ ವಿರುದ್ಧದ ಯುದ್ಧದಲ್ಲಿ ಡೆಸಿಯಸ್ ಸತ್ತ. ಅಷ್ಟರಲ್ಲಾಗಲೇ ಬಿದ್ದವರು ಚರ್ಚಿನ ಬಾಗಿಲಿಗೆ ಬಂದು ಅಳ್ತಾ ನಿಂತಿದ್ದರು. ತಪ್ಪಾಯ್ತು, ಸೇರಿಸ್ಕೊಳ್ಳಿ. ಅಸಲಿ ಜಗಳ ಶುರುವಾಗಿದ್ದು ಇಲ್ಲಿಂದ.

ಒಂದು ಕಡೆ, ಜೈಲಲ್ಲಿ ನರಳಿದ ವೀರರು ಬಿದ್ದವರ ಕೈಗೆ ಕ್ಷಮಾಪತ್ರ ಬರೆದುಕೊಡ್ತಿದ್ದರು. ನೋವು ತಿಂದವರೇ ಕ್ಷಮಿಸಿದ ಮೇಲೆ ಬಿಷಪ್ ಯಾರು ಕೇಳೋಕೆ? ಇನ್ನೊಂದು ಕಡೆ, ರೋಮ್ ನಗರದಲ್ಲಿ ನೊವೇಶಿಯನ್ ಅನ್ನೋ ಪಾದ್ರಿ ಪಟ್ಟು ಹಿಡಿದ. ದೇವರು ಬೇಕಾದ್ರೆ ಕ್ಷಮಿಸಲಿ, ಚರ್ಚಿನೊಳಗೆ ಮಾತ್ರ ಇವರಿಗೆ ಜಾಗ ಇಲ್ಲ ಅನ್ನೋದು ಅವನ ವಾದ. ಕೊನೆಗೆ ತನ್ನದೇ ಬೇರೆ ಪಂಗಡ ಕಟ್ಟಿದ.

ಸಿಪ್ರಿಯನ್ ಎರಡನ್ನೂ ಒಪ್ಪಲಿಲ್ಲ. ಅವರೂ, ಆಫ್ರಿಕಾದ ಉಳಿದ ಬಿಷಪ್ಪರೂ 251ರಲ್ಲಿ ಕಾರ್ಥೇಜಿನಲ್ಲಿ ಸಭೆ ಸೇರಿದರು. ತೀರ್ಮಾನ ಇಷ್ಟು: ಪ್ರತಿಯೊಬ್ಬರದ್ದೂ ಬೇರೆ ಬೇರೆಯಾಗಿ ವಿಚಾರಿಸಬೇಕು. ಕಾಗದ ಮಾತ್ರ ಕೊಂಡವರು ಪಶ್ಚಾತ್ತಾಪ ತೋರಿಸಿದರೆ ಮರಳಬಹುದು. ಬಲಿ ಕೊಟ್ಟವರು ದೀರ್ಘ ಪ್ರಾಯಶ್ಚಿತ್ತ ಮಾಡಬೇಕು, ಆದರೆ ಸಾಯೋ ಹೊತ್ತಿಗೆ ಅವರನ್ನ ಹೊರಗೆ ಬಿಡಬಾರದು. ಮುಂದೆ ಮತ್ತೆ ಹಿಂಸೆಯ ಸೂಚನೆ ಕಂಡಾಗ, ಪ್ರಾಯಶ್ಚಿತ್ತದಲ್ಲಿದ್ದವರನ್ನೆಲ್ಲ ಒಳಗೆ ಕರೆದುಕೊಂಡರು. ಕಾರಣ? ಪರಮಪ್ರಸಾದದ ಬಲ ಕೊಡದೆ ಅವರನ್ನ ಹೋರಾಟಕ್ಕೆ ಕಳಿಸೋದು ಹೇಗೆ!

ನಾನು ಎಂಜಿನಿಯರಿಂಗ್ ಓದಿದವನು, ನನಗೆ ಅರ್ಥವಾಗೋದು ಹೀಗೆ. ಒಂದು ಸಬ್ಜೆಕ್ಟ್ ಬ್ಯಾಕ್ ಉಳೀತು ಅಂತ ಕಾಲೇಜು ಹುಡುಗನನ್ನ ಓಡಿಸಲ್ಲ. ಹಾಗಂತ ಪರೀಕ್ಷೆ ಬರೀದೆ ಪಾಸೂ ಮಾಡಲ್ಲ. ನೊವೇಶಿಯನ್ ಓಡಿಸ್ತೀನಿ ಅಂದ, ಕ್ಷಮಾಪತ್ರದವರು ಸುಮ್ನೆ ಪಾಸ್ ಮಾಡ್ತೀವಿ ಅಂದರು. ಸಿಪ್ರಿಯನ್, ಮತ್ತೆ ಬಂದು ಕೂತು ಬರಿ ಅಂದರು.

ಅವತ್ತು ಚರ್ಚು ತನ್ನನ್ನ ತಾನೇ ಕೇಳಿಕೊಂಡ ಪ್ರಶ್ನೆ ದೊಡ್ಡದು. ನಾವು ಎಂದೂ ಸೋಲದವರ ಸಂಘವಾ, ಸೋತು ಎದ್ದವರ ಮನೆಯಾ? ಏಸುವನ್ನ ಮೂರು ಸಲ ಗೊತ್ತೇ ಇಲ್ಲ ಅಂದ ಪೇತ್ರನನ್ನೇ ಮುಂದಾಳು ಅಂತ ಒಪ್ಪಿದ ಧರ್ಮಕ್ಕೆ ಉತ್ತರ ಒಂದೇ ಇತ್ತು.

ಇನ್ನೊಂದು ಮಾತು. ಅವತ್ತು ಓಡಿಹೋಗಿದ್ದ ಸಿಪ್ರಿಯನ್, 258ರ ಸೆಪ್ಟೆಂಬರ್ 14ರಂದು ಮತ್ತೆ ಅದೇ ಪರೀಕ್ಷೆ ಎದುರಾದಾಗ ಓಡಲಿಲ್ಲ. ಬಲಿ ಕೊಡಲ್ಲ ಅಂದರು. ತಲೆ ಕೊಟ್ಟರು.

ಯಾರನ್ನಾದ್ರೂ ಶಾಶ್ವತವಾಗಿ ಹೊರಗೆ ಹಾಕೋ ಮುಂಚೆ ಒಮ್ಮೆ ಯೋಚಿಸಿ. ಅವರ ಎರಡನೇ ಪರೀಕ್ಷೆ ಇನ್ನೂ ಬಾಕಿ ಇರಬಹುದು.